ಮಂಡ್ಯ ಅಂದ್ರೆ ಹನ್ನೊಂದು

ವಾರದ ಮಧ್ಯೆ ಬೆಂಗಳೂರಿನ ಪಬ್ಬುಗಳಲ್ಲಿ ಟೇಬಲ್ ಖಾಲಿ ಇರುತ್ತೆ. ಅದನ್ನ ತುಂಬಿಸೋಕೆ ಕ್ವಿಜ್ ಬಂತು, ಸ್ಟ್ಯಾಂಡ್‌ಅಪ್ ಬಂತು, ಕ್ಯಾರಿಯೋಕಿ ಬಂತು. ಈಗ ಬಿಂಗೊ ಸರದಿ. ಬರೀ ಬಿಂಗೊ ಅಂದ್ರೆ ಯಾರೂ ಬರಲ್ಲ ಅಂತ ಅದಕ್ಕೊಂದು ಥೀಮ್ ಅಂಟಿಸ್ತಾರೆ. ತೊಂಬತ್ತರ ದಶಕದ ಹಿಂದಿ ಹಾಡು, ಅಮೆರಿಕದ ಸೀರಿಯಲ್ಲು, ಹ್ಯಾರಿ ಪಾಟರು, ನವೆಂಬರ್ ಬಂದ್ರೆ ಕನ್ನಡ ಸಿನಿಮಾ. ಹಾಸ್ಟೆಲ್ ಕಾಲದಿಂದ ಜೊತೆಗಿರೋ ಇಬ್ಬರು, ಆಫೀಸಿನಿಂದ ಸೇರಿಕೊಂಡ ಮೂವರು, ಒಟ್ಟು ನಾವು ಐದು ಜನ ಆರು ತಿಂಗಳಲ್ಲಿ ಇಂಥ ಮೂರು ರಾತ್ರಿಗಳಿಗೆ ಹೋಗಿ ಬಂದ್ವಿ. ಜಾಗಗಳ ಹೆಸರು ಹೇಳಲ್ಲ. ನನ್ನ ತಕರಾರು ಆಟದ ಕಟ್ಟೋಣದ ಬಗ್ಗೆ, ಬಿಯರ್ ಬಗ್ಗೆ ಅಲ್ಲ. ಬಿಯರ್ ಚೆನ್ನಾಗೇ ಇತ್ತು.

ಮೊದಲು ಮೂಲ ಆಟ. ನಮ್ಮಲ್ಲಿ ಇದಕ್ಕೆ ತಂಬೋಲಾ ಅಂತಾರೆ, ಕ್ಲಬ್ಬುಗಳಲ್ಲಿ ಹೌಸಿ ಅಂತಾರೆ. ಮೂರು ಸಾಲು, ಒಂಬತ್ತು ಕಂಬ, 27 ಮನೆ. ಅದರಲ್ಲಿ 15 ಸಂಖ್ಯೆ, ಸಾಲಿಗೆ ಐದರಂತೆ. ಚೀಲದಲ್ಲಿ 1ರಿಂದ 90. ಸರಿಯಾಗಿ ಜೋಡಿಸಿದ ಆರು ಟಿಕೆಟ್ಟಿನ ಒಂದು ಹಾಳೆಯಲ್ಲಿ ತೊಂಬತ್ತೂ ಸಂಖ್ಯೆ ಒಂದೊಂದೇ ಸಲ ಬಂದಿರುತ್ತೆ. ಅರ್ಲಿ ಫೈವ್, ಟಾಪ್ ಲೈನ್, ಕಾರ್ನರ್ಸ್, ಕೊನೆಗೆ ಫುಲ್ ಹೌಸ್. ಸುಳ್ಳು ಕ್ಲೇಮ್ ಮಾಡಿದ್ರೆ ಬೋಗಿ, ಆ ಟಿಕೆಟ್ ಔಟ್. ಅಷ್ಟೇ. ಇದರಲ್ಲಿ ಬುದ್ಧಿವಂತಿಕೆಗೆ ಕೆಲಸವೇ ಇಲ್ಲ. ಐಐಟಿಯಲ್ಲಿ ಓದಿದವನಿಗೂ, ಸಂಖ್ಯೆ ಗುರುತಿಸೋಕೆ ಬರೋ ಆರು ವರ್ಷದ ಮಗುವಿಗೂ, ಕನ್ನಡಕ ಹುಡುಕ್ತಾ ಕೂತ ಅಜ್ಜಿಗೂ ಗೆಲ್ಲೋ ಅವಕಾಶ ಒಂದೇ. ಇಂಥ ಆಟ ಎಷ್ಟಿವೆ ಹೇಳಿ? ಕೇರಂ ಆಡಿದ್ರೆ ಕೈ ಪಳಗಿದವನು ಗೆಲ್ತಾನೆ. ಅಂತ್ಯಾಕ್ಷರಿಯಲ್ಲಿ ಗಂಟಲು ಇದ್ದವಳು. ತಂಬೋಲಾದಲ್ಲಿ ಮಾತ್ರ ಯಾರು ಬೇಕಾದ್ರೂ.

ಹಾಗಾದ್ರೆ ಮಜಾ ಎಲ್ಲಿಂದ ಬರುತ್ತೆ? ಸಂಖ್ಯೆ ಕೂಗೋರ ಬಾಯಿಂದ. ಮೈಸೂರಲ್ಲಿ ನನ್ನ ಚಿಕ್ಕಮ್ಮ ಒಂದು ಲೇಡೀಸ್ ಕ್ಲಬ್ಬಿಗೆ ಹೋಗ್ತಾರೆ. ಅಲ್ಲಿ ನಂಬರ್ ಕೂಗೋ ಆಂಟಿ 88 ಬಂದ ಕೂಡಲೇ ‘ಟೂ ಫ್ಯಾಟ್ ಲೇಡೀಸ್’ ಅಂತಾರೆ, 22 ಬಂದ್ರೆ ‘ಟೂ ಲಿಟಲ್ ಡಕ್ಸ್’, 11ಕ್ಕೆ ‘ಲೆಗ್ಸ್ ಇಲೆವೆನ್’. ಎಲ್ಲ ಇಂಗ್ಲೆಂಡಿನ ಮಾಲು. 9ಕ್ಕೆ ‘ಡಾಕ್ಟರ್ಸ್ ಆರ್ಡರ್ಸ್’ ಅನ್ನೋದು ಬ್ರಿಟಿಷ್ ಸೈನ್ಯದ ಡಾಕ್ಟರುಗಳು ಕೈಗಿಡ್ತಿದ್ದ ನಂಬರ್ ನೈನ್ ಅನ್ನೋ ಭೇದಿ ಮಾತ್ರೆಯಿಂದ ಬಂದದ್ದು. ಚಿಕ್ಕಮ್ಮನಿಗೆ ಇದು ಗೊತ್ತಿಲ್ಲ, ಗೊತ್ತಾದ್ರೆ ನಗ್ತಾರೆ. ಗೊತ್ತಿಲ್ಲದೆಯೂ ಅವರು ಹದಿನೈದು ವರ್ಷದಿಂದ ಆರಾಮಾಗಿ ಆಡ್ತಿದ್ದಾರೆ. ಯಾಕಂದ್ರೆ ತಮಾಷೆಯ ಹಿಂದೆಯೇ ಆಂಟಿ ‘ನಂಬರ್ ನೈನ್’ ಅಂತಲೂ ಹೇಳ್ತಾರೆ. ತಮಾಷೆ ಅರ್ಥ ಆದವರಿಗೆ ಅದು ಬೋನಸ್ಸು. ಆಗದವರ ಟಿಕೆಟ್ಟಿಗೆ ನಷ್ಟ ಇಲ್ಲ. ಮುಂದಿನದನ್ನ ಓದುವಾಗ ಈ ಒಂದು ಸಂಗತಿ ನೆನಪಲ್ಲಿಟ್ಕೊಳ್ಳಿ.

ಈಗ ಆ ಮೂರು ರಾತ್ರಿಗಳು.

ಮೊದಲನೇದು ಇಂದಿರಾನಗರದಲ್ಲಿ, ‘ಫ್ರೆಂಡ್ಸ್’ ಸೀರಿಯಲ್ ಬಿಂಗೊ. ತಲೆಗೆ 499 ರೂಪಾಯಿ, ಅದರಲ್ಲಿ 300 ತಿನ್ನೋ ಬಿಲ್ಲಿಗೆ ವಜಾ. ಟಿಕೆಟ್ಟಿನಲ್ಲಿ ಸಂಖ್ಯೆ ಇಲ್ಲ. ಅಮೆರಿಕದ ಮಾದರಿಯ ಐದಕ್ಕೈದು ಚೌಕ, ನಡುವಿನ ಮನೆ ಪುಕ್ಕಟೆ, ಉಳಿದ 24ರಲ್ಲಿ ಪಾತ್ರಗಳು, ಸನ್ನಿವೇಶಗಳು, ಪಂಚ್‌ಲೈನುಗಳು. ಪರದೆ ಮೇಲೆ ಶಬ್ದ ಇಲ್ಲದ ತುಣುಕು ಓಡುತ್ತೆ, ಅದು ಯಾವುದು ಅಂತ ಗುರುತಿಸಿ ಗೀಚಬೇಕು. ಎದುರಿಗೆ ಕೂತ ಮೂವರು ತುಣುಕು ಶುರುವಾಗೋ ಮೊದಲೇ ಗೀಚ್ತಿದ್ರು. ನಮ್ಮ ಗುಂಪಿನ ಶಿರಸಿ ಹುಡುಗನ ಟಿಕೆಟ್ಟಿನಲ್ಲಿ ಅರ್ಧ ಗಂಟೆ ಆದ್ರೂ ಇದ್ದದ್ದು ಒಂದೇ ಗುರುತು, ಆ ನಡುವಿನ ಪುಕ್ಕಟೆ ಮನೆ. ಅವನು ಆ ಸೀರಿಯಲ್ ನೋಡಿಲ್ಲ. ಅವನ ಮನೆಯಲ್ಲಿ ಡಿಶ್ ಬಂದದ್ದೇ ಅವನು ಪಿಯುಸಿಗೆ ಬಂದ ಮೇಲೆ, ಆಮೇಲೂ ಅದರಲ್ಲಿ ಓಡಿದ್ದು ಕನ್ನಡ ಧಾರಾವಾಹಿ ಮತ್ತು ಕ್ರಿಕೆಟ್. ಉದ್ದನೆ ಬೆಂಚು, ಗುರುತಿಲ್ಲದವರ ಪಕ್ಕ ಕೂರಿಸಿರ್ತಾರಲ್ಲ, ಆ ಪಕ್ಕದವನು ಇವನ ಟಿಕೆಟ್ ಇಣುಕಿ ನೋಡಿ, ‘ಬ್ರೋ, ಎಲ್ಲಿ ಬೆಳೆದಿದ್ದು ನೀವು?’ ಅಂದ. ಕೆಟ್ಟ ಉದ್ದೇಶ ಇರಲಿಲ್ಲ. ಇವನೂ ನಕ್ಕು ‘ಶಿರಸಿ’ ಅಂದ. ಆಮೇಲೆ ಟಿಕೆಟ್ ಮಗುಚಿಟ್ಟು ಪೂರ್ತಿ ಹೊತ್ತು ಫಿಂಗರ್ ಚಿಪ್ಸ್ ತಿಂದ.

ಮುಂದಿನ ಸಲ ಕರೆದಾಗ ಅವನಿಗೆ ರಿಲೀಸ್ ಇತ್ತು. ಅದರ ಮುಂದಿನ ಸಲವೂ ರಿಲೀಸ್ ಇತ್ತು. ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ನಾಲ್ಕು ವರ್ಷ ಮಲಗಿದವನು. ಅವನ ಕಂಪನಿಯ ರಿಲೀಸ್ ಕ್ಯಾಲೆಂಡರ್ ನನಗೂ ಗೊತ್ತು.

ಎರಡನೇದು ತೊಂಬತ್ತರ ಹಿಂದಿ ಹಾಡುಗಳ ಮ್ಯೂಸಿಕ್ ಬಿಂಗೊ, ಕೋರಮಂಗಲದಲ್ಲಿ. ಇದರ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಹಾಡು ಬಾರಿಸ್ತಾರೆ, ಹೆಸರು ಗುರುತು ಹಾಕಬೇಕು. ಸಂಖ್ಯೆ ಕೂಗೋಕೆ ಐದು ಸೆಕೆಂಡು ಸಾಕು, ಹಾಡಿಗೆ ಅರ್ಧ ನಿಮಿಷ ಬೇಕು, ಅದೂ ಸ್ಪೀಕರ್ ಹರಿಯೋ ಹಾಗೆ. ಕ್ಲಬ್ಬಿನ ತಂಬೋಲಾದಲ್ಲಿ ಚಿಕ್ಕಮ್ಮ ಅರ್ಧ ಕಿವಿ ಸಂಖ್ಯೆಗೆ ಕೊಟ್ಟು ಇನ್ನರ್ಧದಲ್ಲಿ ಇಡೀ ಒಂಟಿಕೊಪ್ಪಲಿನ ಸುದ್ದಿ ಮುಗಿಸ್ತಾರೆ. ಇಲ್ಲಿ ನಾಲ್ಕು ಜನ ಸ್ನೇಹಿತರು ಎರಡು ಗಂಟೆ ಎದುರುಬದುರು ಕೂತು ‘ಏನಂದೆ?’ ಬಿಟ್ಟು ಬೇರೇನೂ ಮಾತಾಡಲಿಲ್ಲ. ಸಾಲದ್ದಕ್ಕೆ ಟಿಕೆಟ್ ಇದ್ದದ್ದು ಫೋನಿನಲ್ಲಿ, ಕ್ಯೂಆರ್ ಹೊಡೆದು ತೆರೆಯೋ ಪೇಜು. ಹಾಡು ಮುಗಿದ ಮೇಲೆ ಅದು ತಾನಾಗೇ ಗುರುತು ಹಾಕಿಕೊಳ್ಳೋ ಸವಲತ್ತೂ ಇತ್ತು. ಅಂದ್ರೆ ಆಟ ತನ್ನನ್ನ ತಾನೇ ಆಡಿಕೊಳ್ಳುತ್ತೆ, ನೀವು ಬಿಲ್ ಕೊಡ್ತೀರಿ. ಕಾಗದ, ಪೆನ್ನು ಕೈಯಲ್ಲಿದ್ರೆ ಫೋನು ಜೇಬಲ್ಲಿರುತ್ತೆ ಅನ್ನೋ ಒಂದೇ ಒಂದು ಲಾಭ ಇತ್ತು ಬಿಂಗೊಗೆ, ಅದನ್ನೂ ಕಳೆದ್ರು.

ಮೂರನೇದು ರಾಜ್ಯೋತ್ಸವದ ವಾರದ ಕನ್ನಡ ಹಾಡು ಬಿಂಗೊ. ಕೆಂಪು ಹಳದಿ ಟಿಕೆಟ್ಟು, ಒಳ್ಳೆ ದಪ್ಪ ಕಾಗದ, ಕನ್ನಡ ಅಕ್ಷರ ಸುಂದರವಾಗಿ ಅಚ್ಚಾಗಿತ್ತು. ಪಬ್ಬಿನಲ್ಲಿ ಕನ್ನಡದ ಕಾಗುಣಿತ ಸರಿಯಿದ್ದದ್ದಕ್ಕೇ ಅರ್ಧ ಅಂಕ ಕೊಡಬಹುದು. ಆದ್ರೆ ಹಿಂದಿ ರಾತ್ರಿಯ ಸಾಫ್ಟ್‌ವೇರಿಗೆ ಕನ್ನಡದ ಬಟ್ಟೆ ತೊಡಿಸಿದ್ರೆ ಏನಾಗುತ್ತೋ ಅದಾಯ್ತು. ಟಿಕೆಟ್ಟಿನಲ್ಲಿ ಹಾಡಿನ ಬದಲು ಸಿನಿಮಾ ಹೆಸರು ಹಾಕಿದ್ರು. ‘ಪ್ರೇಮಲೋಕ’ದಂಥ 1987ರ ಸಿನಿಮಾ ತಗೊಳ್ಳಿ, ಹಂಸಲೇಖ ಅದರಲ್ಲಿ ಹಾಡಿನ ಮೇಲೆ ಹಾಡು ಸುರಿದಿದ್ದಾರೆ. ಅದರ ಎರಡನೇ ಹಾಡು ಬಂದಾಗ ಟಿಕೆಟ್ಟಿನಲ್ಲಿ ಎಲ್ಲಿ ಗುರುತು ಹಾಕೋದು? ಮೊದಲನೇ ಸಲವೇ ಹಾಕಿಯಾಯ್ತಲ್ಲ? ಹೋಸ್ಟ್ ಹತ್ರ ಉತ್ತರ ಇರಲಿಲ್ಲ, ಮೈಕಿನಲ್ಲಿ ‘ಮೇಕ್ ಸಮ್ ನಾಯ್ಸ್ ಬೆಂಗ್ಳೂರ್’ ಅಂದ್ರು. ನಾಯ್ಸ್ ಮಾಡಿದ್ವಿ.

ಅವತ್ತು ನಾನು ಒಂದು ಲೈನ್ ಹೊಡೆದು ಒಂದು ಪಿಚರ್ ಗೆದ್ದೆ. ಸಖತ್ ಖುಷಿಯೇ. ಆದ್ರೆ ನಮ್ಮ ಜೊತೆಗಿರೋ ಕಣ್ಣೂರಿನ ಗೆಳತಿ, ಆರು ವರ್ಷದಿಂದ ಇಲ್ಲೇ ಇರೋಳು, ಆಟೋದವರ ಹತ್ರ ನನಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡೋಳು, ಆ ರಾತ್ರಿ ಶಿರಸಿ ಹುಡುಗ ಇಂದಿರಾನಗರದಲ್ಲಿ ಕೂತಿದ್ದ ಹಾಗೇ ಕೂತಿದ್ಳು. ಅವಳು ಹುಟ್ಟೋ ಮೊದಲಿನ, ಅವಳ ಭಾಷೆಯದ್ದಲ್ಲದ ಸಿನಿಮಾ ಹಾಡು ಪೀಠಿಕೆ ಸಂಗೀತದಲ್ಲೇ ಗೊತ್ತಾಗಬೇಕು ಅಂದ್ರೆ ಹೇಗೆ? ಕನ್ನಡ ಕಲಿ ಅಂತ ಹೇಳಬಹುದು. ಕಲಿತಿದ್ದಾಳೆ. ಬಾಲ್ಯವನ್ನ ಕಲಿಯೋಕಾಗಲ್ಲ.

ಇಲ್ಲೇ ಇರೋದು ತೊಡಕು. ಥೀಮನ್ನ ಟಿಕೆಟ್ಟಿಗೆ ತಂದ ತಕ್ಷಣ ಬಿಂಗೊ ಕ್ವಿಜ್ ಆಗುತ್ತೆ, ಆದ್ರೆ ಕ್ವಿಜ್ ಅಂತ ಹೇಳಿಕೊಳ್ಳಲ್ಲ. ಕ್ವಿಜ್ಜಿಗೆ ಹೋಗೋನು ಸಿದ್ಧನಾಗಿ ಹೋಗ್ತಾನೆ, ಸೋತ್ರೆ ಓದಿಕೊಂಡಿಲ್ಲ ಅಂತ ಸುಮ್ಮನಾಗ್ತಾನೆ. ಬಿಂಗೊಗೆ ಕರೆಯೋದು ‘ಬಾ ಮಾರಾಯ, ಏನೂ ಗೊತ್ತಿರಬೇಕಾಗಿಲ್ಲ’ ಅಂತ. ಅಲ್ಲಿ ಕೂತ ಮೇಲೆ ನಿಮ್ಮ ಮನೆಯಲ್ಲಿ ಯಾವ ಚಾನೆಲ್ ಇತ್ತು, ಯಾವ ಮೀಡಿಯಂನಲ್ಲಿ ಓದಿದ್ರಿ, ಅಪ್ಪನ ಕಾರಿನಲ್ಲಿ ಯಾವ ಕ್ಯಾಸೆಟ್ ಹಾಡ್ತಿತ್ತು, ಕಾರು ಇತ್ತೋ ಇಲ್ವೋ ಎಲ್ಲ ಬಯಲಾಗುತ್ತೆ. ಈ ಊರಲ್ಲಿ ಇಂಟರ್ವ್ಯೂ, ಅಪ್ರೈಸಲ್ಲು, ಆಫೀಸಿನ ಲಂಚ್ ಟೇಬಲ್ಲು ಎಲ್ಲ ಕಡೆ ಈ ಅಳತೆ ನಡೀತಾನೇ ಇದೆ. ಸಂಜೆ 499 ಕೊಟ್ಟು ಇನ್ನೊಂದು ಸಲ ಅಳೆಸಿಕೊಳ್ಳಬೇಕಾ?

ನಮ್ಮಲ್ಲೇ ಒಬ್ಬಳು ಇದನ್ನ ಒಪ್ಪಲ್ಲ. ‘ಥೀಮ್ ಇಲ್ಲದೆ ಬರೀ ನಂಬರ್ ಅಂದ್ರೆ ರಿಟೈರ್ ಆದವರ ಆಟ ಕಣೋ, ನಾನು ಬರಲ್ಲ’ ಅಂತಾಳೆ. ಅವಳ ಮಾತಲ್ಲಿ ಹುರುಳಿದೆ. ಬರೀ ಸಂಖ್ಯೆ ಬೋರು. ಆದ್ರೆ ಥೀಮ್ ಇಡೋಕೆ ಬೇರೆ ಜಾಗ ಇದೆ, ಅದನ್ನ ಜಗತ್ತು ಯಾವಾಗಲೋ ಕಂಡುಕೊಂಡಿದೆ. ನೇಪಲ್ಸ್‌ನಲ್ಲಿ ಕ್ರಿಸ್ಮಸ್ ದಿನಗಳಲ್ಲಿ ಮನೆಮನೆಯಲ್ಲಿ ತೋಂಬೊಲಾ ಆಡ್ತಾರೆ. ಅಲ್ಲಿ 1ರಿಂದ 90ರವರೆಗೆ ಪ್ರತಿ ಸಂಖ್ಯೆಗೂ ಒಂದು ಅರ್ಥ ಇದೆ, ‘ಸ್ಮೋರ್ಫಿಯಾ’ ಅಂತ ಕನಸಿನ ಸಂಖ್ಯಾಶಾಸ್ತ್ರ. 22 ಹುಚ್ಚ, 48 ಮಾತಾಡೋ ಹೆಣ, 77 ಹೆಂಗಸರ ಕಾಲು, 90 ಭಯ. ಹೆಣ್ಣುಡುಗೆಯ ‘ಫೆಮ್ಮಿನಿಯೆಲ್ಲಿ’ ಸಮುದಾಯದವರು ಸಂಖ್ಯೆ ಎತ್ತೋ ಪದ್ಧತಿಯೂ ಅಲ್ಲಿದೆ. ಅವರು ಒಂದಾದ ಮೇಲೊಂದು ಬಂದ ಸಂಖ್ಯೆಗಳ ಅರ್ಥ ಪೋಣಿಸಿ ಅಲ್ಲೇ ಒಂದು ಪೋಲಿ ಕಥೆ ಕಟ್ತಾ ಹೋಗ್ತಾರಂತೆ. ಅಮೆರಿಕದ ಸಿಯಾಟಲ್‌ನಲ್ಲಿ 1990ರ ದಶಕದ ಆರಂಭದಲ್ಲಿ ಏಡ್ಸ್ ಪೀಡಿತರ ನೆರವಿಗೆ ಹಣ ಕೂಡಿಸೋಕೆ ನಡೆದ ಡ್ರ್ಯಾಗ್ ಬಿಂಗೊ ಕೂಡ ಹೀಗೇ. ವೇಷ, ಕುಹಕ, ಬೈಗುಳ ಎಲ್ಲ ವೇದಿಕೆ ಮೇಲೆ. ಟಿಕೆಟ್ಟಿನಲ್ಲಿ ಅದೇ ಹಳೇ ಸಂಖ್ಯೆ. 2015ರಲ್ಲಿ ಲಿವರ್‌ಪೂಲ್‌ನಲ್ಲಿ ಶುರುವಾದ ‘ಬೋಂಗೋಸ್ ಬಿಂಗೊ’ದಲ್ಲಿ ಬೆಂಚು ಹತ್ತಿ ಕುಣೀತಾರೆ, ಕುಣಿದು ಇಳಿದ ಮೇಲೆ ಗೀಚೋದು ಸಂಖ್ಯೆಯನ್ನೇ. ಬ್ರಿಟನ್ನಿನಲ್ಲಿ 1960ರ ಕಾಯ್ದೆ ಬಿಂಗೊ ಹಾಲುಗಳಿಗೆ ದಾರಿ ಮಾಡಿಕೊಟ್ಟಾಗ ಟೀವಿಯಿಂದ ಖಾಲಿಯಾಗಿದ್ದ ಎಷ್ಟೋ ಸಿನಿಮಾ ಟಾಕೀಸುಗಳು ಬಿಂಗೊ ಹಾಲ್ ಆದವು. ಅಲ್ಲಿಗೆ ಬಂದವರು ಹೆಚ್ಚಾಗಿ ಕೂಲಿ ವರ್ಗದ ಹೆಂಗಸರು. ಏನೂ ಗೊತ್ತಿರಬೇಕಾಗಿಲ್ಲ ಅನ್ನೋದೇ ಅವರಿಗೆ ಬಾಗಿಲಾಗಿತ್ತು.

ಇದನ್ನೆಲ್ಲ ಬಾಯಲ್ಲಿ ಹೇಳಿದ್ರೆ ಸಾಲದು ಅಂತ ಒಂದು ಭಾನುವಾರ ನಮ್ಮ ಮನೆ ಟೆರೇಸಿನಲ್ಲಿ ಆಡಿಸಿದೆ. ಸ್ಟೇಷನರಿ ಅಂಗಡಿಯ ಮಾಮೂಲಿ ತಂಬೋಲಾ ಸೆಟ್ಟು, ಟಿಕೆಟ್ಟಿಗೆ ಹತ್ತು ರೂಪಾಯಿ. ಥೀಮ್: ನಂಬರ್ ಪ್ಲೇಟು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆರಡು ಗಂಟೆ ಮುಂದಿನ ಗಾಡಿಯ ಹಿಂಭಾಗ ನೋಡ್ತಾ ನಿಲ್ಲೋ ನಮಗೆ ಇದಕ್ಕಿಂತ ಸಮಾನವಾದ ಓದು ಇನ್ಯಾವುದಿದೆ? ಕೂಗೋ ಕೆಲಸ ಶಿರಸಿ ಹುಡುಗನಿಗೆ ಕೊಟ್ಟೆ, ‘ನೀನಿಲ್ದೆ ಆಗಲ್ಲ ಕಣೋ’ ಅಂದೆ. ಬಂದ. ಅವನಿಗೆ ಆರ್‌ಟಿಒ ಕೋಡೆಲ್ಲ ಬಾಯಿಪಾಠ ಅನ್ನೋದು ಹಾಸ್ಟೆಲ್ ಬಸ್ ಪ್ರಯಾಣಗಳಿಂದ ನನಗೆ ಗೊತ್ತಿತ್ತು.

‘ಮಂಡ್ಯದ ಗೌಡ್ರು ಬಂದ್ರು, ಹನ್ನೊಂದು!’ ಅಂತ ಶುರು ಮಾಡಿದ. ‘ಮೈಸೂರು ಪಾಕು, ಒಂಬತ್ತು.’ ‘ಬಂಗುಡೆ ಪುಳಿಮುಂಚಿ, ಮಂಗ್ಳೂರು, ಹತ್ತೊಂಬತ್ತು.’ ‘ಧಾರವಾಡ ಪೇಡೆ, ಇಪ್ಪತ್ತೈದು.’ ‘ಬೆಳಗಾವಿ ಕುಂದಾ, ಇಪ್ಪತ್ತೆರಡು’, ಇಂಗ್ಲೆಂಡಿನ ಎರಡು ಬಾತುಕೋಳಿ ಅಲ್ಲಿಗೆ ಹಾರಿಹೋದವು. ‘ನಿಲ್ಸದೇ ಹೋದ ಬಿಎಂಟಿಸಿ, ಐವತ್ತೇಳು.’ 51 ಬಂದಾಗ ‘ಎಲೆಕ್ಟ್ರಾನಿಕ್ ಸಿಟಿ’ ಅನ್ನೋದರೊಳಗೆ ಅಲ್ಲಿ ಕೆಲಸ ಮಾಡೋ ಇಬ್ಬರು ಒಟ್ಟಿಗೇ ನಿಟ್ಟುಸಿರು ಬಿಟ್ರು. 31 ಬಂದಾಗ ಅವನು ಊರಿನ ಹೆಸರೇ ಹೇಳಲಿಲ್ಲ, ಎದ್ದು ನಿಂತು ಕೈ ಮುಗಿದ. ಎಲ್ಲರೂ ‘ಮೂವತ್ತೊಂದು’ ಅಂತ ಕೂಗಿದ್ವಿ.

ನಿಜವಾದ ಗಲಾಟೆ ಆದದ್ದು 13ಕ್ಕೆ. ಇವನು ‘ಹಾಸನ’ ಅನ್ನೋಕೂ ಕಣ್ಣೂರಿನವಳು ಎದ್ದು ‘ಹಾಸನ ಅಲ್ಲ, ನಮ್ಮೂರು!’ ಅಂದ್ಳು. ಕೆಎಲ್ 13 ಕಣ್ಣೂರು. ಅದೂ ಸರಿಯೇ. ಐದು ನಿಮಿಷ ಆಟ ನಿಂತು ಜಗಳ ಆಯ್ತು, ದೇವೇಗೌಡರೂ ಬಂದ್ರು, ತೆಯ್ಯಂ ಕೂಡ ಬಂತು. ಅಷ್ಟರಲ್ಲಿ ಆ 13 ಎಲ್ಲರ ಟಿಕೆಟ್ಟಿನಲ್ಲೂ ಗುರುತಾಗಿ ಹೋಗಿತ್ತು, ಯಾಕಂದ್ರೆ ಅದು ಹಾಸನವಾದ್ರೂ 13, ಕಣ್ಣೂರಾದ್ರೂ 13. ಫುಲ್ ಹೌಸ್ ಹೊಡೆದಿದ್ದು ಮೇಲಿನ ಮನೆಯ ಓನರ್ ಮಗಳು, ಎರಡನೇ ಕ್ಲಾಸು. ನಮ್ಮ ಗಲಾಟೆ ಕೇಳಿ ಬಂದು ಕೂತಿದ್ದಳು. ‘ಬರೀ ನಂಬರ್ ಅಂದ್ರೆ ಬರಲ್ಲ’ ಅಂದಿದ್ದವಳು ಮೂರು ಟಿಕೆಟ್ ತಗೊಂಡು ಒಂದೂ ಗೆಲ್ಲದೆ, ಇನ್ನೊಂದು ರೌಂಡ್ ಹಾಕು ಅಂದ್ಳು.

ಪಬ್ಬಿನವರು ಈ ಆಲೋಚನೆ ಕದ್ದುಕೊಂಡು ಹೋದ್ರೂ ನನ್ನ ಅಭ್ಯಂತರ ಇಲ್ಲ. ಆದ್ರೆ ಒಂದು ತೊಂದರೆ ಇದೆ. ಆರ್‌ಟಿಒ ಕೋಡುಗಳು ಎಪ್ಪತ್ತರ ಆಸುಪಾಸು ಮುಗಿದು ಹೋಗ್ತವೆ, ತಂಬೋಲಾ 90ರವರೆಗೆ ಹೋಗುತ್ತೆ. 72ಕ್ಕೆ ಮೇಳಕರ್ತ ರಾಗಗಳಿವೆ. 73, ಮೈಸೂರು ರಾಜ್ಯ ಕರ್ನಾಟಕ ಆದ ವರ್ಷ. 83 ವಿಶ್ವಕಪ್ಪು, ನಮ್ಮ ಬಿನ್ನಿ ಮತ್ತು ಕಿರ್ಮಾನಿ ಇದ್ದ ತಂಡ. 87ಕ್ಕೆ ಪ್ರೇಮಲೋಕ, ಈ ಸಲ ಯಾವ ಹಾಡು ಅಂತ ಯಾರೂ ಕೇಳಲ್ಲ. 90ನ್ನ ಶಿರಸಿ ಹುಡುಗ ‘ಒಂದು ನೈಂಟಿ, ನೀರು ಬೇಡ’ ಅಂತ ಕೂಗಿದ, ಓನರ್ ಮಗಳಿಗೆ ಅರ್ಥ ಆಗಲಿಲ್ಲ, ಸದ್ಯ. ನಡುವಿನ ಹತ್ತಾರು ಸಂಖ್ಯೆ ಇನ್ನೂ ಖಾಲಿ ಇವೆ. 88ಕ್ಕೆ ಮಾತ್ರ ಚಿಕ್ಕಮ್ಮನ ಕ್ಲಬ್ಬಿನವರನ್ನೇ ಕೇಳಬೇಕು, ದಪ್ಪ ಹೆಂಗಸರು ಅಂತ ಕೂಗೋಕೆ ನನಗಂತೂ ಧೈರ್ಯ ಇಲ್ಲ.