ಸಿಯೆನಾದ ಹೆಬ್ಬಾಗಿಲು: ಲೊರೆಂಜೆತ್ತಿಯ ಪೂರ್ವಭಿತ್ತಿ

ಟಸ್ಕನಿಯ ಗುಡ್ಡಗಳ ಮೇಲಿನ ಸಿಯೆನಾವನ್ನು 1287ರಿಂದ 1355ರವರೆಗೆ ಆಳಿದ ಒಂಬತ್ತು ಮಂದಿಯ ಆಡಳಿತ ಮಂಡಲಿಗಾಗಿ ಅಂಬ್ರೋಜೊ ಲೊರೆಂಜೆತ್ತಿ 1338-39ರಲ್ಲಿ ಬರೆದ ಸುರಾಜ್ಯ ಮತ್ತು ದುರಾಜ್ಯಗಳ ಭಿತ್ತಿಚಿತ್ರದ ಕೀರ್ತಿ ಬಹುಪಾಲು ಉತ್ತರದ ಗೋಡೆಗೇ ಸಂದಿದೆ. ನ್ಯಾಯ, ಶಾಂತಿ ಮೊದಲಾದ ಗುಣಗಳನ್ನು ಮನುಷ್ಯರೂಪದಲ್ಲಿ ಕೂರಿಸಿದ ಆ ಗೋಡೆಯ ಹಿಂದೆ ವಿದ್ವಾಂಸ ನಿಕೊಲಾಯ್ ರೂಬಿನ್‌ಸ್ಟೈನ್ 1958ರಲ್ಲಿ ಅರಿಸ್ಟಾಟಲನ ಚಿಂತನೆಯನ್ನು ಕಂಡರೆ, 1980ರ ದಶಕದಲ್ಲಿ ಕ್ವೆಂಟಿನ್ ಸ್ಕಿನ್ನರ್ ಅದನ್ನು ಅಲ್ಲಗಳೆದು ಸಿಸೆರೊ, ಸೆನೆಕರ ರೋಮನ್ ಪರಂಪರೆಯನ್ನು ಮುಂದಿಟ್ಟರು. ಇಬ್ಬರ ಪಾಂಡಿತ್ಯವೂ ಗೌರವಾರ್ಹವಾದರೂ, ಚಿತ್ರವನ್ನು ಗ್ರಂಥಗಳ ಪ್ರತಿಧ್ವನಿಯಾಗಿಯೇ ಓದುವ ಈ ವಾದದಲ್ಲಿ ಚಿತ್ರಕಾರನ ಸ್ವಂತ ರಾಜಕೀಯ ದೃಷ್ಟಿ ಮರೆಯಾಗುತ್ತದೆ; ಆ ದೃಷ್ಟಿ ಇರುವುದು ಪೂರ್ವದ ಗೋಡೆಯಲ್ಲಿ, ಪಟ್ಟಣ ಮುಗಿದು ಹೊಲ ಆರಂಭವಾಗುವ ಹೆಬ್ಬಾಗಿಲಿನ ಬಳಿ.

ಆ ಬಾಗಿಲಿನಿಂದ ಇಳಿಜಾರಿಗೆ ಬರುವವರು ಬೇಟೆಯ ಗಿಡುಗ ಹಿಡಿದು ಹೊರಟ ಸಿರಿವಂತ ಸವಾರರು. ಏರಿ ಬರುವವರು ಹೇರು ಹೊತ್ತ ಪ್ರಾಣಿಗಳನ್ನು ನಡೆಸುವವರು, ಹೆಗಲ ಸುತ್ತ ಬಿಳಿ ಪಟ್ಟೆಯಿರುವ ಕರಿಹಂದಿಯನ್ನು ಅಟ್ಟಿಕೊಂಡು ಬರುವ ರೈತ. ಚಿಂತಾ ಸೆನೇಸೆ ಎಂಬ ಆ ಹಂದಿಯ ತಳಿ ಇಂದಿಗೂ ಅಲ್ಲಿ ಸಾಕಣೆಯಲ್ಲಿದೆ. ಅನ್ನ ಒಳಕ್ಕೆ, ವಿಹಾರ ಹೊರಕ್ಕೆ: ಊರಿಗೂ ಅದರ ಆಳ್ವಿಕೆಗೆ ಒಳಪಟ್ಟ ‘ಕೊಂತಾದೊ’ ಎಂಬ ಹಳ್ಳಿಗಾಡಿಗೂ ಇದ್ದ ಸಂಬಂಧ ಒಂದೇ ದಾರಿಯ ಮೇಲೆ ಬಿಡಿಸಿಟ್ಟಂತಿದೆ. ಅದರ ಮೇಲೆ ತೇಲುವ ‘ಸುರಕ್ಷೆ’ ಎಂಬ ದೇವತೆಯ ಒಂದು ಕೈಯಲ್ಲಿ, ಎಲ್ಲರೂ ನಿರ್ಭಯವಾಗಿ ನಡೆದಾಡಲಿ, ಉತ್ತು ಬಿತ್ತಲಿ ಎಂಬ ಆಶಯದ ಬರಹವಿದ್ದರೆ, ಇನ್ನೊಂದರಲ್ಲಿ ಹೆಣ ತೂಗುವ ನೇಣುಗಂಬವಿದೆ. ಪಟ್ಟಣದ ಗೋಡೆಗಳ ಒಳಗೆ ಕುಣಿತ, ಪಾಠ, ಮನೆ ಕಟ್ಟುವ ಕೆಲಸ ನಡೆದಿರುವಾಗ ಈ ಗಲ್ಲನ್ನು ಹಳ್ಳಿಯ ಕಡೆಗೇ ಏಕೆ ಎತ್ತಿ ಹಿಡಿಯಲಾಗಿದೆ ಎಂಬ ಪ್ರಶ್ನೆಯ ಮುಂದೆ, ಗ್ರಂಥಮೂಲಗಳ ಜಗಳ ತೀರ ಸಣ್ಣದಾಗಿ ಕಾಣುತ್ತದೆ.

ಈ ಹೊಲಗಳನ್ನು ಇಂದಿನ ಸಿಯೆನಾ ಸುತ್ತಲಿನ ಗುಡ್ಡಗಳ ಯಥಾವತ್ ಪ್ರತಿಯೆಂದು ಪ್ರವಾಸಿಗರಿಗೆ ತೋರಿಸುವ ರೂಢಿಯೂ ಒಪ್ಪತಕ್ಕದ್ದಲ್ಲ. ದಿಬ್ಬಗಳ ಏರಿಳಿತ ನಿಜಕ್ಕೆ ಹತ್ತಿರವಿದ್ದರೂ, ಅಲ್ಲಿ ಬಿತ್ತನೆಯೂ ಒಕ್ಕಣೆಯೂ ಏಕಕಾಲದಲ್ಲಿ ಸಾಗಿವೆ; ಯಾವ ವರ್ಷದ ಯಾವ ದಿನದಲ್ಲೂ ಯಾವ ಕಿಟಕಿಯಿಂದಲೂ ಅಂಥ ನೋಟ ಸಿಗದು. ಅದು ಆಳುವವರು ನೀಡಿದ ಮಾತು, ಮತ್ತು ಆ ಮಾತಿಗೆ ಜಾಮೀನಾಗಿ ನಿಂತದ್ದು ಆ ನೇಣುಗಂಬ.