ಲೆಕ್ಕಕ್ಕೆ ಸಿಗದ ನೀರು

2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ ಬೆಂಗಳೂರಿಗೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರಿನ ಹಾದಿ ತೆರೆಯಿತು. ಹಿಂದಿನ ನಾಲ್ಕು ಹಂತಗಳಿಂದ ಬರುತ್ತಿದ್ದುದು ಸುಮಾರು 145 ಕೋಟಿ ಲೀಟರ್. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ನೂರು ಕಿಲೋಮೀಟರ್ ದೂರ ಸಾಗಿ, ಸುಮಾರು ಐನೂರು ಮೀಟರ್ ಎತ್ತರ ಏರಿ ನಮ್ಮ ಸಂಪು ಸೇರುತ್ತದೆ. ಎಂಜಿನಿಯರಿಂಗ್ ಸಾಧನೆಯೆಂದು ಇದಕ್ಕೆ ತಲೆದೂಗಲೇಬೇಕು. ನಗರ ಯೋಜನೆಯಾಗಿ ಅಳೆಯಹೊರಟರೆ ಮಾತು ಬೇರೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಗರ ಬೆಳೆದಂತೆ ನೀರಿನ ಮೂಲ ದೂರ ಸರಿಯುತ್ತ ಹೋಯಿತು. ದಿಣ್ಣೆಯ ಮೇಲೆ ಕೂತ, ದೊಡ್ಡ ನದಿಯಿಲ್ಲದ ಊರಿಗೆ ಕಾವೇರಿ ಅನಿವಾರ್ಯವೇ ಆಗಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಹೊಸ ಮೂಲ ಸಿಕ್ಕಿತೆಂದು, ಮೊದಲೆರಡು ಮೂಲಗಳನ್ನು ತುಂಬುತ್ತಿದ್ದ ಅರ್ಕಾವತಿ ನದಿಯ ಜಲಾನಯನವನ್ನು ಬಡಾವಣೆಗಳಿಗೂ ಕೈಗಾರಿಕೆಗಳಿಗೂ ಬಿಟ್ಟುಕೊಟ್ಟದ್ದು ಅನಿವಾರ್ಯವಾಗಿರಲಿಲ್ಲ.

ಇನ್ನೊಂದು ದೋಷ ಕ್ರಮದ್ದು. 2007ರಲ್ಲಿ 110 ಹಳ್ಳಿಗಳು ಪಾಲಿಕೆಯೊಳಗೆ ಬಂದವು. ಅವುಗಳಿಗೆಂದೇ ರೂಪಿಸಿದ ಐದನೇ ಹಂತ ಬಂದದ್ದು ಹದಿನೇಳು ವರ್ಷಗಳ ನಂತರ. ನಡುವೆ ಅಪಾರ್ಟ್‌ಮೆಂಟುಗಳು ಎದ್ದವು, ಬೋರ್‌ವೆಲ್‌ಗಳು ಆಳಕ್ಕಿಳಿದವು, ಟ್ಯಾಂಕರ್‌ಗಳು ದರ ಹೇಳತೊಡಗಿದವು. 2024ರ ಮಾರ್ಚಿನ ಬರದಲ್ಲಿ ಹೆಚ್ಚು ನರಳಿದ್ದು ಈ ಹೊರವಲಯವೇ. ನೀರು ಎಲ್ಲಿಂದ ಎಂದು ಕೇಳದೆ ನಕ್ಷೆ ಮಂಜೂರು ಮಾಡುವುದಕ್ಕೆ ಯೋಜನೆ ಎನ್ನಲಾಗದು.

ಇನ್ನು ಸಂರಕ್ಷಣೆ. ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ ಕಾನೂನು 2009ರಷ್ಟು ಹಳೆಯದು. ನಗರದ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ಹಾಗೆಂದರೆ 30×40 ಅಡಿಯ ಒಂದು ನಿವೇಶನದ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರ್‌ಗೂ ಮಿಕ್ಕಿ ನೀರು ಸುರಿಯುತ್ತದೆ. ಅರ್ಧ ಹಿಡಿದರೂ ನಾಲ್ವರ ಮನೆಗೆ ಮೂರು ತಿಂಗಳ ಬಳಕೆಗಾದೀತು. ಆದರೆ ಕಾನೂನು ನಡೆದ ಬಗೆ ನೋಡಿ: ಪೈಪು, ಡ್ರಮ್ಮು, ಇಂಗುಗುಂಡಿ ಇದ್ದರೆ ಸಾಕು, ಇಲ್ಲದವರಿಗೆ ನೀರಿನ ಬಿಲ್ಲಿನ ಜೊತೆ ದಂಡ. ಗುಂಡಿ ತೆಗೆಸುವುದಕ್ಕಿಂತ ದಂಡವೇ ಸಲೀಸೆಂದು ಕಟ್ಟುತ್ತ ಬಂದವರು ಸಾವಿರಾರು. ತೆಗೆಸಿದವರ ಗುಂಡಿಗಳಲ್ಲಿ ಹೂಳು ತುಂಬಿದೆಯೇ, ಎಷ್ಟು ನೀರು ಇಂಗಿತು ಎಂದು ನೋಡುವವರಿಲ್ಲ. ಕಾವೇರಿಯನ್ನು ಲೀಟರಿನಲ್ಲಿ ಅಳೆಯುವ ವ್ಯವಸ್ಥೆ ಮಳೆಯನ್ನು ಕಟ್ಟಡಗಳ ಸಂಖ್ಯೆಯಲ್ಲಿ ಅಳೆಯುತ್ತದೆ. ನನ್ನ ಮುಖ್ಯ ಆಕ್ಷೇಪ ಇದೇ.

ಹಾಗೆ ಅಳೆದು ತಂದ ಕಾವೇರಿಯೂ ಪೂರ್ತಿ ದಕ್ಕುವುದಿಲ್ಲ. ಸೋರಿಕೆ, ಕಳವು, ಕೆಟ್ಟ ಮೀಟರುಗಳಿಂದ ಆದಾಯಕ್ಕೆ ದಕ್ಕದೆ ಹೋಗುವ ನೀರು ಕಾಲು ಭಾಗವೆಂದೇ ಇಟ್ಟುಕೊಳ್ಳಿ. ನಾಲ್ಕು ಹಂತಗಳ ನೀರಿನಲ್ಲಿ ಅದು 36 ಕೋಟಿ ಲೀಟರ್, 1974ರ ಮೊದಲ ಹಂತ ತಂದ 13.5 ಕೋಟಿಯ ಎರಡೂವರೆ ಪಟ್ಟಿಗೂ ಹೆಚ್ಚು. ಇದರಲ್ಲಿ ಅರ್ಧ ಉಳಿಸಿದರೂ ಅಣೆಕಟ್ಟೆಯಿಲ್ಲದೆ, ನೆರೆರಾಜ್ಯದ ಜಗಳವಿಲ್ಲದೆ ಒಂದು ಹಂತ ಸಿಕ್ಕಂತೆ.

ಲೀಟರಿನ ಗುರಿಯಿಟ್ಟರೆ ಏನಾದೀತೆಂಬುದಕ್ಕೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ ಸಾಕ್ಷಿ. ದಿನಕ್ಕೆ ನಗರದ 44 ಕೋಟಿ ಲೀಟರ್ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವುದೆಂದು ನಿಗದಿಯಾಯಿತು. ಬತ್ತಿದ್ದ ಕೆರೆಗಳು 2018ರಿಂದ ತುಂಬತೊಡಗಿದವು. ಲೋಪವೂ ಇದೆ. ಶುರುವಿನಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು. ಪ್ರಮಾಣಕ್ಕೆ ಕೊಟ್ಟ ಗಮನವನ್ನು ಗುಣಮಟ್ಟಕ್ಕೂ ಕೊಡಬೇಕಿತ್ತು. ಆದರೂ ಬಳಸಿದ ನೀರನ್ನು ನೀರೆಂದೇ ಎಣಿಸಿದ ದೊಡ್ಡ ಪ್ರಯತ್ನ ಇದು.

ಕಾವೇರಿಗೂ ಮಿತಿಯಿದೆ. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಮೇಕೆದಾಟಿನಲ್ಲಿ ಉದ್ದೇಶಿಸಿರುವ ಅಣೆಕಟ್ಟೆ ಬಂದರೂ ಮಳೆ ಕೈಕೊಟ್ಟ ವರ್ಷ ಹಳೇ ಮೈಸೂರಿನ ರೈತರ ಗದ್ದೆಗೂ ನಗರದ ನಲ್ಲಿಗೂ ಒಂದೇ ನದಿ.

ಹಾಗಾಗಿ ಆರನೇ ಹಂತದ ಮಾತೆತ್ತುವ ಮೊದಲು ಜಲಮಂಡಳಿ ಮತ್ತು ಪಾಲಿಕೆಗಳು ವಾರ್ಡುವಾರು ಲೆಕ್ಕ ಕೊಡಲಿ: ಬಂದ ನೀರೆಷ್ಟು, ಸೋರಿದ್ದೆಷ್ಟು, ಇಂಗಿದ್ದೆಷ್ಟು, ಮರುಬಳಕೆಯಾದದ್ದೆಷ್ಟು, ಬೋರ್‌ವೆಲ್‌ಗಳಿಂದ ಎತ್ತಿದ್ದೆಷ್ಟು. ಪ್ರತಿವರ್ಷ, ಎಲ್ಲರ ಕಣ್ಣಿಗೆ ಬೀಳುವಂತೆ. ಮನೆಗಳಿಂದ ದಂಡ ವಸೂಲಿ ಮಾಡುವ ವ್ಯವಸ್ಥೆಗೆ ತನ್ನ ಲೆಕ್ಕ ಒಪ್ಪಿಸುವ ಹೊಣೆಯೂ ಇರಬೇಕು. ಈ ಲೆಕ್ಕವನ್ನು ನಾವು ಕೇಳದಿದ್ದರೆ ಕೊಡುವವರಿಲ್ಲ.