ಪುಸ್ತಕದ ನಡೆಗಳು ಮುಗಿದ ಮೇಲೆ

ಚೆಸ್ ಓಪನಿಂಗ್ ಪುಸ್ತಕ ಕೊಳ್ಳುವ ಹೊಸಬರು ಅದರಲ್ಲಿ ಎಷ್ಟು ನಡೆಗಳಿವೆ ಎಂದು ನೋಡುತ್ತಾರೆ. ನೋಡಬೇಕಾದದ್ದು, ನಡೆಗಳ ಸಾಲು ಮುಗಿಯುವ ಕಡೆ ಲೇಖಕರು ಏನು ಹೇಳುತ್ತಾರೆ ಎಂಬುದನ್ನು. ಎದುರಾಳಿ ಪುಸ್ತಕದಲ್ಲಿಲ್ಲದ ನಡೆಯನ್ನು ಆಡಿಯೇ ಆಡುತ್ತಾನೆ. ಆಗ ಬಾಯಿಪಾಠ ಕೈಕೊಡುತ್ತದೆ. ರೂಯ್ ಲೋಪೆಜ್‌ನ ಬರ್ಲಿನ್ ಡಿಫೆನ್ಸನ್ನೇ ತೆಗೆದುಕೊಳ್ಳಿ. 2000ರಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ಕಪ್ಪು ಕಾಯಿಗಳಲ್ಲಿ ಇದನ್ನು ನೆಚ್ಚಿ ಆಡಿದರು. ಕಾಸ್ಪರೋವ್ ಇಡೀ ಸರಣಿಯಲ್ಲಿ ಒಂದು ಆಟವನ್ನೂ ಗೆಲ್ಲಲಾಗದೆ ವಿಶ್ವಪಟ್ಟ ಕಳೆದುಕೊಂಡರು. ಇದರ ಮುಖ್ಯ ಸಾಲಿನಲ್ಲಿ ಎಂಟನೇ ನಡೆಗೇ ರಾಣಿಗಳು ಹೋಗುತ್ತವೆ, ಕಪ್ಪು ರಾಜನಿಗೆ ಕ್ಯಾಸ್ಲಿಂಗ್ ತಪ್ಪುತ್ತದೆ. ಇಲ್ಲಿಗೆ ‘ಸಮಬಲ’ ಎಂದು ಬರೆದು ಪುಟ ಮುಗಿಸುವ ಪುಸ್ತಕದಿಂದ ಓದುಗರಿಗೆ ದಕ್ಕುವುದು ಏನೂ ಇಲ್ಲ. ಒಳ್ಳೆಯ ಪುಸ್ತಕ ಕಾಲಾಳುಗಳನ್ನು ಎಣಿಸಿ ತೋರಿಸುತ್ತದೆ: ರಾಜನ ಬದಿಯಲ್ಲಿ ಬಿಳಿಗೆ ನಾಲ್ಕು, ಕಪ್ಪಿಗೆ ಮೂರು. ಇನ್ನೊಂದು ಬದಿಯಲ್ಲಿ ಕಪ್ಪಿಗೆ ನಾಲ್ಕಿದ್ದರೂ ಅವುಗಳಲ್ಲಿ ಎರಡು ಒಂದರ ಹಿಂದೊಂದು ನಿಂತಿರುವುದರಿಂದ ಆ ಹೆಚ್ಚಳ ಸುಲಭಕ್ಕೆ ಫಲ ಕೊಡುವುದಿಲ್ಲ. ಹೀಗಾಗಿ ಉಳಿದ ಕಾಯಿಗಳೆಲ್ಲ ಹೊಡೆದುಹೋದರೆ ಬಿಳಿಗೇ ಲಾಭ. ಕಪ್ಪಿಗಿರುವ ಪರಿಹಾರ ಒಂಟೆಗಳ ಜೋಡಿ; ಅದನ್ನು ಪುಕ್ಕಟೆ ಬಿಟ್ಟುಕೊಡಬಾರದು. ಇಷ್ಟು ತಿಳಿದವರು ಯಾವ ಕಾಯಿಯನ್ನು ಬದಲಾಯಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ತಾವೇ ಯೋಚಿಸಬಲ್ಲರು.

ಮೊಬೈಲಿನಲ್ಲೇ ಸ್ಟಾಕ್‌ಫಿಶ್‌ನಂಥ ಚೆಸ್ ಎಂಜಿನ್ ಇರುವಾಗ ಪುಸ್ತಕವೇಕೆ ಎಂದು ಕೇಳಬಹುದು. ಎಂಜಿನ್ ಅಂಕ ಕೊಡುತ್ತದೆ, ಕಾರಣ ಕೊಡುವುದಿಲ್ಲ. ಆದರೆ ಲೇಖಕರ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಅದು ಬಹಳ ಉಪಯುಕ್ತ. ತಾವು ಮೆಚ್ಚಿದ ಓಪನಿಂಗ್ ಗೆಲ್ಲಲೆಂದು ಎದುರಾಳಿಯಿಂದ ಸಪ್ಪೆ ನಡೆ ಆಡಿಸುವ ಲೇಖಕರು ಇದ್ದಾರೆ. ಎಂಜಿನ್ ಹೇಳುವ ಅತ್ಯುತ್ತಮ ಉತ್ತರ ಪುಸ್ತಕದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಅಂಗಡಿಯಲ್ಲೇ ಬಿಡಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸಿಸಿಲಿಯನ್ ನೈಡಾರ್ಫ್‌ನಂಥ ಹರಿತ ಓಪನಿಂಗಿನಲ್ಲಿ ಒಂದು ನಡೆ ತಪ್ಪಿದರೂ ಆಟ ಮುಗಿದಂತೆ. ಅಲ್ಲಿ ಬಾಯಿಪಾಠವಿಲ್ಲದೆ ಗತಿಯಿಲ್ಲ. ನಿಜ. ಆದರೆ 1972ರಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ಸ್ಪಾಸ್ಕಿ–ಫಿಶರ್ ವಿಶ್ವಪಟ್ಟ ಸರಣಿಯ ಹನ್ನೊಂದನೇ ಆಟ ನೋಡಿ. ನೈಡಾರ್ಫ್‌ನಲ್ಲಿ ‘ವಿಷದ ಕಾಲಾಳು’ ಎಂದೇ ಹೆಸರಾದ ಸಾಲನ್ನು ಫಿಶರ್‌ಗಿಂತ ಚೆನ್ನಾಗಿ ಬಲ್ಲವರು ಆಗ ಅಪರೂಪ. ಸ್ಪಾಸ್ಕಿ ಹದಿನಾಲ್ಕನೇ ನಡೆಗೆ ಕುದುರೆಯನ್ನು ಅದರ ಮೂಲ ಮನೆಗೇ ಹಿಂದಿರುಗಿಸಿದರು. ಆಮೇಲೆ ಫಿಶರ್‌ರ ರಾಣಿ ಸಿಕ್ಕಿಬಿತ್ತು, ಆಟವೂ ಹೋಯಿತು. ಈ ಸಾಲನ್ನು ಕಲಿಸುವ ಪುಸ್ತಕದಲ್ಲಿ ಎಷ್ಟೇ ನಡೆಗಳಿರಲಿ, ಕಾಲಾಳು ಹೊಡೆದ ರಾಣಿ ಯಾವ ದಾರಿಯಲ್ಲಿ ಮರಳಬೇಕು, ಆ ದಾರಿಯನ್ನು ಬಿಳಿ ಹೇಗೆ ಮುಚ್ಚಬಲ್ಲದು ಎಂಬ ವಿವರಣೆ ಮೊದಲು ಬರಬೇಕು.